ಭಾನುವಾರದ ಅಪ್ಪಣೆ

ಹಿಂದಿನ ಜಗಲಿಯಿಂದ,
ಬುಧವಾರ, ಮಾರ್ಚ್ ಹನ್ನೊಂದು, ಊಟಕ್ಕೆ ಮುಂಚೆ

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ನಿನ್ನಕ್ಕನ ಸೊಂಟ ಕೂಡಿಕೊಳ್ಳುತ್ತಿದೆಯಾ? ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾರೆ ಎಂದು ಹೋದ ಸಲ ಹೇಳಿದ್ದೆ. ಈಗ ಅಡುಗೆಮನೆಯವರೆಗೂ ಬಂದು ನೀನು ಉಪ್ಪು ಜಾಸ್ತಿ ಹಾಕಿದ್ದನ್ನು ಕಂಡುಹಿಡಿಯುವಷ್ಟು ಗಟ್ಟಿಯಾಗಿರಬೇಕು. ಆಗಿದ್ದರೆ ಒಳ್ಳೆಯದೇ. ಅವರ ಸೊಂಟ ನೋಡಿಕೊಳ್ಳುವ ಭರದಲ್ಲಿ ನಿನ್ನ ಮಂಡಿಯನ್ನು ಮರೆಯಬೇಡ. ಎಣ್ಣೆ ಹಚ್ಚಿಕೋ, ಮಹಡಿಯ ಕೆಲಸವನ್ನೆಲ್ಲ ಒಂದೇ ಸಲ ಹತ್ತಿ ಮುಗಿಸಿಕೊಂಡು ಬಾ. ನಾನು ಚೆನ್ನಾಗಿದ್ದೇನೆ. ಅಂದರೆ ಉಣ್ಣುತ್ತೇನೆ, ಮಲಗುತ್ತೇನೆ, ಹಸು ಹಾಲು ಕೊಡುತ್ತಿದೆ, ಕೋಳಿಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಚೆನ್ನಾಗಿರುವುದು ಎಂದರೆ ಇಷ್ಟೇ ಆದರೆ ನಾನು ಚೆನ್ನಾಗಿದ್ದೇನೆ.

ಅಕ್ಷರ ನೋಡಿ ಗಾಬರಿಯಾಗಬೇಡ. ಪೇಟೆಯ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದ ಕೈ ಇವತ್ತು ಕೋಳಿ ಕೆದರಿದ ಹಾಗೆ ಗೀಚುತ್ತಿದೆ ಎಂದರೆ ಕಾರಣ ಬಲಗೈ ಬನ್ನಿನ ಹಾಗೆ ಊದಿಕೊಂಡಿರುವುದು. ಜೇನು ಕಚ್ಚಿದ್ದು. ನಮ್ಮ ಪಕ್ಕದ ಜಮೀನಿನ ಜೇನಕ್ಕನ ಪೆಟ್ಟಿಗೆಗಳ ಜೇನು. ನೀನಿಲ್ಲದಾಗ ನಾನು ಅವಳ ಜೇನುಪೆಟ್ಟಿಗೆಗೆ ಯಾಕೆ ಕೈ ಹಾಕಿದೆ ಎಂದು ಹೇಳಬೇಕಾದರೆ ಅವಳು ಆಸ್ಪತ್ರೆಯಲ್ಲಿದ್ದಾಳೆ ಎಂದು ಹೇಳಬೇಕು, ಅವಳು ಯಾಕೆ ಆಸ್ಪತ್ರೆಯಲ್ಲಿದ್ದಾಳೆ ಎಂದು ಹೇಳಬೇಕಾದರೆ ನಿನ್ನನ್ನೇ ಒಂದು ಮಾತು ಕೇಳಬೇಕು. ಗಾಬರಿಯಾಗಬೇಡ ಎಂದು ಮತ್ತೊಮ್ಮೆ ಬರೆಯುತ್ತೇನೆ. ಅವಳು ಕುಶಲವಾಗಿದ್ದಾಳೆ, ಬಾಯಂತೂ ಮೊದಲಿಗಿಂತ ಚುರುಕಾಗಿದೆ. ನನ್ನ ತಲೆಯಲ್ಲಿ ಎಲ್ಲ ಕಲಸಿಹೋಗಿದೆ, ಆದ್ದರಿಂದ ನಡೆದ ಹಾಗೆಯೇ ಬರೆದುಬಿಡುತ್ತೇನೆ. ಎಲ್ಲಾದರೂ ನಿನಗೆ ಗೊತ್ತಿರುವ ವಿಷಯ ಬಂದರೆ ನನ್ನನ್ನು ನೋಡಿ ನಗಬೇಡ.

ನಿನ್ನ ಅಪ್ಪ ನಿನಗೆ ಬಿಟ್ಟುಹೋದ ಜಮೀನು ಇದು, ನಾನು ಇಷ್ಟು ವರ್ಷ ಇದರಲ್ಲಿ ಅಳಿಯನಾಗಿಯೇ ಇದ್ದೇನೆ. ಎಲ್ಲಿ ಆಲೂಗಡ್ಡೆ, ಎಲ್ಲಿ ಕುಂಬಳ ಎಂದು ಗೊತ್ತು, ಯಾಕೆ ಅಲ್ಲಿ ಎಂದು ಗೊತ್ತಿಲ್ಲ. ಹೊರಡುವಾಗ ನೀನು ಹೇಳಿದ್ದು ಇಷ್ಟೇ: "ಗೇಟು ಹಾಕ್ಕೊಳಿ, ಹಸುಗೆ ನೀರಿಡಿ, ಮಿಕ್ಕಿದ್ದು ತಾನಾಗೇ ನಡೆಯುತ್ತೆ." ಮಿಕ್ಕಿದ್ದು ತಾನಾಗಿಯೇ ನಡೆಯಿತು ಮಾರಾಯ್ತಿ, ಅದೇ ತೊಂದರೆ. ನೀನು ಹೋದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಕೊಟ್ಟಿಗೆಯ ಪಕ್ಕದಲ್ಲಿ ಕೂತು ಔಷಧಿ ಅಂಗಡಿಯ ಬೋರ್ಡಿಗೆ ಹಸಿರು ಬಣ್ಣ ಕಲಸುತ್ತಿದ್ದೆ. ಢಂ ಎಂದಿತು. ರಸ್ತೆಯಲ್ಲಿ ಬಸ್ಸಿನ ಟೈರು ಸಿಡಿಯಿತೆಂದುಕೊಂಡೆ. ಇನ್ನೊಂದು ಢಂ. ಒಂದೇ ಬಸ್ಸಿಗೆ ಎಷ್ಟು ಟೈರು ಸಿಡಿಯುತ್ತದೆ ಎಂದು ಎದ್ದು ನೋಡಿದರೆ ಹೊಂಡದ ಮೇಲಿನ ಕಾಗೆಗಳೆಲ್ಲ ಆಕಾಶದಲ್ಲಿವೆ. ಪೊದೆಗಳ ಕಡೆಯಿಂದ ಇಬ್ಬರು ಆಲೂಗಡ್ಡೆ ಹೊಲ ದಾಟಿಕೊಂಡು, ನಿಜ ಹೇಳಬೇಕೆಂದರೆ ಸಾಲು ತುಳಿಯದೆ ಜಾಗ್ರತೆಯಾಗಿಯೇ, ನಮ್ಮ ಅಂಗಳದ ಕಡೆಗೆ ಬರುತ್ತಿದ್ದಾರೆ. ಹೆಗಲಲ್ಲಿ ಬಂದೂಕು. ಒಬ್ಬನ ಕೈಯಲ್ಲಿ ಎರಡು ಮೊಲ ತಲೆಕೆಳಗಾಗಿ ಜೋತಾಡುತ್ತಿವೆ.

"ಯಾರ್ರೀ ನೀವು, ಯಾರನ್ನ ಕೇಳಿ ಒಳಗೆ ಬಂದ್ರಿ" ಎಂದು ಗದರಿಸಲು ನಾನು ದಾಪುಗಾಲು ಹಾಕಿ ಹೋದೆ. ಹಿರಿಯವನು ಕೈಯೆತ್ತಿ, "ಏನ್ ಭಾವ, ಚೆನ್ನಾಗಿದೀರಾ?" ಎಂದ. ನನ್ನ ಬಾಯಿಂದ ಬಂದದ್ದು, "ಚೆನ್ನಾಗಿದೀನಿ, ನೀವು?" ನೋಡಿದರೆ ಪೇಟೆಯ ಗಡಿಯಾರ ರಿಪೇರಿಯವನು! ಅವನ ಅಂಗಡಿ ಬೋರ್ಡು ಬರೆದವನೇ ನಾನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಾಜಿನ ಹಿಂದೆ ತಲೆ ಬಗ್ಗಿಸಿ ಕೂತ ಮುಖವನ್ನು ಬಯಲಲ್ಲಿ ಬಂದೂಕಿನ ಜೊತೆ ಕಂಡರೆ ಗುರುತು ಹತ್ತುವುದಕ್ಕೇ ಹೊತ್ತು ಹಿಡಿಯುತ್ತದೆ. ಇನ್ನೊಬ್ಬ ಅವನ ಎದುರಿನ ಟೈರು ಅಂಗಡಿಯವನು, ಸ್ವಲ್ಪ ಅವಸರದ ಆಸಾಮಿ. ಇವರಿಗೆ ನಾನು ಯಾವ ಲೆಕ್ಕದಲ್ಲಿ ಭಾವ ಎಂದು ಯೋಚಿಸುತ್ತ ಯೋಚಿಸುತ್ತ ಗೇಟಿನವರೆಗೆ ಜೊತೆಗೆ ನಡೆದು, ಅಗುಳಿ ತೆಗೆದು, ಕಳಿಸಿಕೊಟ್ಟುಬಿಟ್ಟೆ. ಅವರು ಹೋದ ಮೇಲೆ ಕೋಪ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಜೇನಕ್ಕ ಬೇಲಿಯಾಚೆಯಿಂದ ಎಲ್ಲ ನೋಡಿದ್ದಳು. "ಏನ್ ಕುಂಚ, ಗೇಟು ತೆಗ್ದು ಕಳಿಸಿದ್ಯಲ್ಲ, ಟಾಟಾನೂ ಮಾಡ್ಬೇಕಿತ್ತು" ಎಂದಳು. ನನಗೆ ಅವಳು ಇಟ್ಟಿರುವ ಹೆಸರು ಈಗ ಹಾಲಿನವನ ಬಾಯಿಗೂ ಬಂದಿದೆ.

ಬಾಯಲ್ಲಿ ಹೇಳಲಾಗದವನು ಬಣ್ಣದಲ್ಲಿ ಹೇಳುತ್ತೇನೆ ಎಂದು ಆ ವಾರ ಒಂದು ಬೋರ್ಡು ಬರೆದೆ. ಹಳದಿ ಹಿನ್ನೆಲೆ, ಕೆಂಪು ಅಕ್ಷರ: "ಖಾಸಗಿ ಜಮೀನು. ಅಪ್ಪಣೆಯಿಲ್ಲದೆ ಬೇಟೆಯಾಡುವವರಿಗೆ ಕಠಿಣ ಶಿಕ್ಷೆ." ಜಂಬ ಎಂದುಕೊಳ್ಳಬೇಡ, ಇತ್ತೀಚಿನ ವರ್ಷಗಳಲ್ಲಿ ಅಷ್ಟು ಚೆಂದದ ಅಕ್ಷರ ನನ್ನ ಕೈಯಿಂದ ಬಂದಿರಲಿಲ್ಲ. ಹೊಂಡದ ದಾರಿಯಲ್ಲಿ ಕಂಬ ನೆಟ್ಟು ಹಾಕಿದೆ. ಜೇನಕ್ಕ ಓದಿ, "ಶಿಕ್ಷೆ ಕೊಡೋದು ಯಾರು? ನೀನಾ?" ಎಂದು ಹೋದಳು. ಮುಂದಿನ ಭಾನುವಾರ ಮತ್ತೆ ಢಂ. ಸಂಜೆ ಹೋಗಿ ನೋಡಿದರೆ ಬೋರ್ಡಿನಲ್ಲಿ ಒಂದೇ ಒಂದು ತೂತು. ಕಠಿಣದ 'ಠ' ಇದೆಯಲ್ಲ, ಅದರ ಸುತ್ತಿನ ನಡುವೆ ನಾನು ಸಣ್ಣ ಕುಂಚದಲ್ಲಿ ಒಂದೇ ಒತ್ತಿಗೆ ಇಟ್ಟ ಚುಕ್ಕಿ ಇತ್ತಲ್ಲ, ಅದು ಮಾಯ. ಸುತ್ತಿನ ಅಂಚೂ ಒಂದು ಕಡೆ ಚೂರು ಹಾರಿಹೋಗಿದೆ. ಮಿಕ್ಕ ಒಂದು ಅಕ್ಷರಕ್ಕೂ ಪೆಟ್ಟಿಲ್ಲ. ಕೋಪ ಮಾಡಿಕೊಳ್ಳಲೋ ಶಭಾಷ್ ಎನ್ನಲೋ ತಿಳಿಯದೆ ತೂತಿನೊಳಗೆ ಬೆರಳು ಹಾಕಿ ನಿಂತಿದ್ದೆ.

ಅದರ ಮುಂದಿನ ಭಾನುವಾರ ಅವರಿಗಿಂತ ಮೊದಲೇ ಹೋಗಿ ಹೊಂಡದ ಹತ್ತಿರ ಬಕೆಟ್ಟು ಬೋರಲು ಹಾಕಿ ಕೂತೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಬಂದರು. ನಾನು ಎದ್ದು ನಿಂತು, ಈ ಜಮೀನಿಗೆ ಯಜಮಾನರಿದ್ದಾರೆ, ಅಪ್ಪಣೆಯಿಲ್ಲದೆ ಒಳಗೆ ಬರುವುದು ತಪ್ಪು, ಮುಂದಿನ ಸಲ ಠಾಣೆಗೆ ಹೋಗುತ್ತೇನೆ ಎಂದೆಲ್ಲ ಒಪ್ಪಿಸಿದೆ. ಟೈರಿನವನು, "ಬೋರ್ಡು ಸೂಪರ್ ಆಗಿದೆ ಭಾವ, ನಮ್ಮಂಗಡಿಗೂ ಒಂದು ಬರ್ಕೊಡಿ" ಎಂದ. ಗಡಿಯಾರದವನು ನಗಲಿಲ್ಲ. ಬಂದೂಕನ್ನು ಮರಕ್ಕೆ ಒರಗಿಸಿ, ಕೈಕಟ್ಟಿ ನಿಂತು, "ಅಪ್ಪಣೆ ಇದೆ ಭಾವ. ನಿಮ್ಮ ಮನೆಯವರೇ ಕೊಟ್ಟಿದ್ದು" ಎಂದ.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ಎಲ್ಲಿ ಸುಳ್ಳಿದೆ ನೋಡು. ನೀನು ಊರಿಗೆ ಹೊರಡುವ ಹಿಂದಿನ ದಿನ ಅವನ ಅಂಗಡಿಗೆ ಹೋಗಿ ಕೈಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಿದೆಯಂತೆ. ಹಂದಿಗಳು ಆಲೂಗಡ್ಡೆಯನ್ನೆಲ್ಲ ಮಗುಚಿ ಹಾಕುತ್ತಿವೆ, ನೋಡಲಾಗುವುದಿಲ್ಲ ಎಂದೆಯಂತೆ. ಆಮೇಲೆ, "ನಾನಿಲ್ದಾಗ ಭಾನುವಾರ ಭಾನುವಾರ ಬಂದು ಮುಗಿಸ್ಬಿಡಿ. ಇವರಿಗೆ ಮಾತ್ರ ಹೇಳ್ಬೇಡಿ, ಇವರಿಗೆ ಆಗಿಬರಲ್ಲ" ಎಂದೆಯಂತೆ. ಪಟ್ಟಿ ಹೊಸದಾಗಿದ್ದದ್ದು ನನಗೆ ನೆನಪಿದೆ, ಬಸ್ಸು ಹತ್ತುವಾಗ ನಾನೇ ಚೆನ್ನಾಗಿದೆ ಎಂದೆ. ಆದರೆ ಪಟ್ಟಿ ಹೊಸದಾದ ಮಾತ್ರಕ್ಕೆ ಮಾತು ನಿಜವಾಗುತ್ತದೆಯೇ? ಹಂದಿಗೆ ಅಪ್ಪಣೆ ಇದ್ದರೆ ಮೊಲ ಯಾಕೆ ಹೊಡೆದಿರಿ ಎಂದು ಕೇಳಿದೆ. ಆ ಪ್ರಶ್ನೆ ನನಗೆ ಹೊಳೆದದ್ದಕ್ಕೆ ಒಳಗೊಳಗೇ ಬೀಗಿದೆ ಕೂಡ. ಗಡಿಯಾರದವನು ತಲೆ ತಗ್ಗಿಸಿ, "ಅದು ತಪ್ಪು" ಎಂದ. ಟೈರಿನವನು ಬೇರೆ ಕಡೆ ನೋಡಿದ. ಹಂದಿಗೆಂದು ಬಂದವರು ಮೊಲ ಹಿಡಿದು ಹೋದರೆ ಅದು ಅಪ್ಪಣೆಯೋ ಕಳ್ಳತನವೋ, ನೀನೇ ಹೇಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಬೋರ್ಡಿನ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದ. "ಆ ಠ ಹೊಡ್ದಿದ್ದು ನಾನೇ, ಮನಸ್ಸಿಗೆ ಹಚ್ಕೋಬೇಡಿ. ಆದ್ರೆ ಅವರಾಗಿದ್ರೆ ಚುಕ್ಕಿ ಮಾತ್ರ ಹೋಗ್ತಿತ್ತು, ಸುತ್ತು ಹಾಗೇ ಇರ್ತಿತ್ತು." ಯಾರಾಗಿದ್ದರೆ ಎಂದೆ. ನಿಮ್ಮ ಮನೆಯವರು ಎಂದ. ನನಗೆ ಜೋರಾಗಿ ನಗು ಬಂತು. ಜಿರಳೆಯನ್ನು ಕೂಡ ಪೊರಕೆಯಲ್ಲಿ ಮೆಲ್ಲಗೆ ಹೊರಗೆ ದಾಟಿಸುವವಳು ನೀನು! ಅವನು ನಗಲಿಲ್ಲ. ನಿನ್ನ ಅಪ್ಪ ನಿನಗೆ ಗುರಿ ಕಲಿಸಿದ್ದು, ಅವನೂ ನೀನೂ ಇನ್ನೂ ನಾಲ್ಕಾರು ಜನ ಇದೇ ಪೊದೆಗಳಲ್ಲಿ ತಿರುಗಿದ್ದು, ಅವರೆಲ್ಲ ಸೇರಿ ಹೊಡೆದದ್ದಕ್ಕಿಂತ ನೀನೊಬ್ಬಳೇ ಹೆಚ್ಚು ಹೊಡೆದದ್ದು, ಮದುವೆಯಾದ ಮೇಲೆ ಬೇಲಿಯೊಳಗೆ ಬಂದೂಕು ತರಬಾರದೆಂದು ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದ್ದು, ಎಲ್ಲ ಹೇಳಿದ. ನಿನ್ನನ್ನು ಅಕ್ಕ ಎನ್ನುತ್ತಾನೆ, ಅದಕ್ಕೇ ನಾನು ಭಾವ. ನಾನು ಬಕೆಟ್ಟಿನ ಮೇಲೆ ಮತ್ತೆ ಕೂತುಬಿಟ್ಟೆ.

ಆ ಸಂಜೆ ನಾನು ನಿನಗೆ ಫೋನು ಮಾಡಿದ್ದು ನೆನಪಿದೆಯಾ? ನಿನ್ನಕ್ಕನ ಮನೆಯ ಫೋನು ಅವರ ಮಂಚದ ತಲೆದೆಸೆಯಲ್ಲೇ ಇರುವುದು ನನ್ನ ದುರದೃಷ್ಟ. ಗಡಿಯಾರದವನಿಗೆ ನೀನೇ ಬಾ ಎಂದು ಹೇಳಿದ್ದೆಯಾ ಎಂದು ಕೇಳಿದೆ. ನೀನು "ಹೂಂ" ಎಂದೆ. ಆದರೆ ಅದೇ ಕ್ಷಣಕ್ಕೆ ಹಿಂದಿನಿಂದ ನಿನ್ನಕ್ಕ ಬಿಸಿನೀರು ಕಾದಿದೆಯಾ ಎಂದು ಕೇಳುವುದೂ ನನಗೆ ಕೇಳಿಸಿತು. ಆ ಹೂಂ ನನಗೋ ಬಿಸಿನೀರಿಗೋ? ಮತ್ತೆ ಕೇಳಿದೆ. "ಆಮೇಲೆ ಮಾತಾಡೋಣ, ಊಟ ಮಾಡಿದ್ರಾ?" ಎಂದೆ ನೀನು. ಊಟ ಮಾಡಿದೆ ಎಂದೆ ನಾನು. ಅಲ್ಲಿಗೆ ಮುಗಿಯಿತು. ಒಂದು ಹೂಂ ಹಿಡಿದುಕೊಂಡು ಒಂದು ವಾರ ಹೊರಳಾಡಿದ್ದೇನೆ.

ಇನ್ನು ಮೊನ್ನೆ ಭಾನುವಾರದ್ದು. ಜೇನಕ್ಕ ಹೊಂಡದ ಹಿಂದಿನ ಕಾಲುದಾರಿಯಲ್ಲೇ ತನ್ನ ಪೆಟ್ಟಿಗೆಗಳಿಗೆ ಹೋಗುವುದು ನಿನಗೆ ಗೊತ್ತು, ಅದು ನಿನ್ನಪ್ಪನ ಕಾಲದಿಂದ ಅವಳ ದಾರಿ. ಬಾಗಿ ಏನೋ ಕೀಳುತ್ತಿದ್ದಳಂತೆ. ಪೊದೆ ಅಲ್ಲಾಡಿದ್ದು ಕಂಡು ಟೈರಿನವನು ಹಂದಿಯೆಂದುಕೊಂಡ. ಅವನದು ಚರೆ ತುಂಬುವ ಬಂದೂಕು, ಸಾಸಿವೆ ಕಾಳಿನಷ್ಟು ಸೀಸದ ಗುಂಡುಗಳು ಚದುರಿ ಬೀಳುವಂಥದ್ದು. ನಾನು ಅಂಗಳದಲ್ಲಿದ್ದೆ. ಢಂ ಎಂದಿತು, ಅದರ ಹಿಂದೆಯೇ ಜೇನಕ್ಕನ ದನಿ. ಕೂಗಲ್ಲ, ಬೈಗುಳ. ಅಷ್ಟುದ್ದದ ಬೈಗುಳ ಕೇಳಿಯೇ ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾದದ್ದು. ಓಡಿದೆ. ಅವಳು ದಾರಿಯಲ್ಲಿ ಕೂತಿದ್ದಾಳೆ, ಮೀನಖಂಡದಿಂದ ತೊಡೆಯವರೆಗೆ ಸೀರೆ ಕೆಂಪಾಗಿದೆ, ಗಡಿಯಾರದವನು ತನ್ನ ಅಂಗಿ ಬಿಚ್ಚಿ ಹರಿದು ಕಾಲಿಗೆ ಸುತ್ತುತ್ತಿದ್ದಾನೆ, ಟೈರಿನವನು ಎರಡೂ ಕೈಯನ್ನು ತಲೆಯ ಮೇಲೆ ಹೊತ್ತು ಅಳುತ್ತಿದ್ದಾನೆ. ಇಷ್ಟು ನೋಡಿದ್ದು ಗೊತ್ತು. ಆಮೇಲೆ ಕಣ್ಣು ಬಿಟ್ಟಾಗ ನಾನು ಟೈರು ಸಾಗಿಸುವ ಗಾಡಿಯಲ್ಲಿ ಟೈರುಗಳ ನಡುವೆ ಮಲಗಿದ್ದೆ, ಪಕ್ಕದಲ್ಲಿ ಜೇನಕ್ಕ ಕೂತು ನನ್ನ ಕೆನ್ನೆ ತಟ್ಟುತ್ತಿದ್ದಳು. ಟೋಪಿಯಿಲ್ಲದೆ ಬಿಸಿಲಲ್ಲಿ ಓಡಿದ್ದಕ್ಕೆ ಹೀಗಾಯಿತು ಎಂದೆ. ಅವಳು ಸೆರಗೆಳೆದು ಕೆಂಪಾದ ಕಾಲನ್ನು ನನಗೆ ಕಾಣದ ಹಾಗೆ ಮುಚ್ಚಿಕೊಂಡಳು. ಆಸ್ಪತ್ರೆಯಲ್ಲಿ ನರ್ಸು ಮೊದಲು ನನ್ನ ಅಂಗಿ ಬಿಚ್ಚಿ ಗುಂಡು ಎಲ್ಲಿ ಎಂದು ಹುಡುಕಿದರು.

ಡಾಕ್ಟರು ಚರೆಗಳನ್ನೆಲ್ಲ ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದರು. ಮೂಳೆಗೆ ತಾಗಿಲ್ಲ. ಒಂದೆರಡು ವಾರ ಮಲಗಿರಬೇಕು, ಆಮೇಲೆ ನಡೆಯಬಹುದು ಎಂದಿದ್ದಾರೆ. ಅಷ್ಟರಲ್ಲಿ ಠಾಣೆಯ ಸಾಹೇಬರು ಬಂದರು. ಅವರ ಮೇಜಿನ ಮೇಲಿನ ಹೆಸರಿನ ಹಲಗೆ ಬರೆದವನೂ ನಾನೇ, ಹಾಗಾಗಿ ಮರ್ಯಾದೆಯಿಂದಲೇ ಮಾತಾಡಿಸಿದರು. ಜಮೀನು ಯಾರದ್ದು? ಹೆಂಡತಿಯದ್ದು. ಬೇಟೆಗೆ ಅಪ್ಪಣೆ ಕೊಟ್ಟಿದ್ದಿರಾ? ಯಾರು ಸಾರ್ ಎಂದೆ. ನೀವೋ ಅವರೋ ಎಂದರು. ಗೊತ್ತಿಲ್ಲ ಎಂದೆ. "ಗೊತ್ತಿಲ್ಲ ಅಂತ ಬರ್ಕೊಳ್ಳೋಕೆ ಇದರಲ್ಲಿ ಜಾಗ ಇಲ್ಲ. ಹೌದು ಇಲ್ಲಾಂದ್ರೆ ಇಲ್ಲ" ಎಂದರು. ಆಮೇಲೆ ಬಿಡಿಸಿ ಹೇಳಿದರು. ಅಪ್ಪಣೆ ಇಲ್ಲದೆ ನುಗ್ಗಿ ಗುಂಡು ಹಾರಿಸಿದ್ದರೆ ಇಬ್ಬರೂ ಒಳಗೆ ಹೋಗುತ್ತಾರೆ, ಹೊರಗೆ ಬರುವುದು ಯಾವಾಗಲೋ. ಅಪ್ಪಣೆ ಇದ್ದರೆ ಇದು ಅಚಾತುರ್ಯ, ಬಂದೂಕು ಹೋಗುತ್ತದೆ, ದಂಡ ಬೀಳುತ್ತದೆ. ಆದರೆ ದಾರಿಯಲ್ಲಿ ಓಡಾಡುವವರಿಗೆ ತಿಳಿಸದೆ ಬೇಟೆಗೆ ಬಿಟ್ಟದ್ದು ಯಾಕೆ ಎಂದು ಅಪ್ಪಣೆ ಕೊಟ್ಟವರೂ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದೆ. ಅಲ್ಲಿದ್ದ ಪೇದೆ ಕಿಸಕ್ಕೆಂದ. ಸಾಹೇಬರಿಗೂ ಮದುವೆಯಾಗಿದೆ, ಅವರು ನಗಲಿಲ್ಲ. ಮುಂದಿನ ವಾರದೊಳಗೆ ಹೇಳಿ ಎಂದರು.

ಜೇನಕ್ಕ ಏನು ಹೇಳಿದಳೆಂದು ಬರೆಯದೆ ಇದ್ದರೂ ಆಗುತ್ತಿತ್ತು, ಆದರೆ ನೀನು ಬಂದ ಮೇಲೆ ಅವಳ ಬಾಯಿಂದಲೇ ಕೇಳುವುದಕ್ಕಿಂತ ನನ್ನಿಂದ ಕೇಳುವುದು ಮೇಲು. "ಆ ಟೈರಿನೋನು ಅಳ್ತಾ ಕಾಲು ಹಿಡ್ಕೊಂಡ, ಅವನನ್ನ ಕ್ಷಮಿಸ್ತೀನೋ ಬಿಡ್ತೀನೋ ನನ್ನಿಷ್ಟ. ಒಳಗೆ ಬಿಟ್ಟೋರು ಯಾರು ಅಂತ ನನಗೆ ಗೊತ್ತಾಗ್ಬೇಕು. ನಿನ್ನ ಹೆಂಡ್ತಿ ನನಗೊಂದು ಮಾತು ಹೇಳ್ದೆ ಬಂದೂಕಿನೋರನ್ನ ಬಿಡೋಳಲ್ಲ. ಬಿಟ್ಟಿದ್ರೆ ಅವಳ ಮುಖ ನೋಡಲ್ಲ ನಾನು." ನೀವಿಬ್ಬರೂ ಜಡೆ ಹಾಕಿಕೊಂಡ ಕಾಲದಿಂದ ಬೇಲಿಯ ಎರಡೂ ಕಡೆ ಬೆಳೆದವರು. ಅವಳು ಅದನ್ನು ಹೇಳುವಾಗ ಸಿಟ್ಟಿನಲ್ಲಿರಲಿಲ್ಲ, ಅದೇ ನನಗೆ ಭಯವಾದದ್ದು. ಮಾತು ಬದಲಿಸಲು, ಜೇನುಪೆಟ್ಟಿಗೆಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಹೊಗೆ ಹಾಕಿ ತೆಗೆಯಬೇಕು ಎಂದು ಅವಳು ಹೇಳಿದ್ದಳು. ನಾನು ತೆಗೆದು ಆಮೇಲೆ ಹೊಗೆ ಹಾಕಿದೆ. ಕೈಯ ಕತೆ ಇಷ್ಟೇ.

ನಿನ್ನೆ ಸಂಜೆ ಗಡಿಯಾರದವನು ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ, ಅಂಗಳದಲ್ಲೇ ನಿಂತ. ತನ್ನನ್ನು ಉಳಿಸು ಎಂದು ಕೇಳಲು ಬಂದಿದ್ದಾನೆ ಎಂದುಕೊಂಡು ಒರಟಾಗಿ ಮಾತಾಡಲು ಸಿದ್ಧನಾದೆ. ಅವನು, "ನಿಮಗೆ ಏನು ಗೊತ್ತೋ ಅದನ್ನೇ ಹೇಳಿ ಭಾವ. ಗೊತ್ತಿಲ್ದೆ ಇರೋದನ್ನ ನನಗೋಸ್ಕರ ಹೇಳ್ಬೇಡಿ. ಅಕ್ಕನ ಹೆಸರನ್ನ ನಾನು ಠಾಣೆಯಲ್ಲಿ ಎತ್ತಿಲ್ಲ, ಎತ್ತೋದೂ ಇಲ್ಲ" ಎಂದ. ನನ್ನ ಒರಟುತನ ಅಲ್ಲೇ ಉಳಿಯಿತು. ನನಗೆ ಗೊತ್ತಿರುವುದಾದರೂ ಏನು? ಸುಮ್ಮನೆ ನಿಲ್ಲಲಾಗದೆ, ನೀನು ಬೇಟೆ ಬಿಟ್ಟದ್ದು ಯಾಕೆ ಎಂದು ಕೇಳಿದೆ. ಅವನು ಆಶ್ಚರ್ಯದಿಂದ ನೋಡಿ, "ನಿಮ್ಮಿಂದಾನೇ ಅಲ್ವಾ?" ಎಂದ.

ಮದುವೆಯಾದ ಹೊಸತಿನಲ್ಲಿ ನೀನು ಅಪ್ಪನ ಜೊತೆ ಬೆಳಿಗ್ಗೆ ಹೋಗಿ ಹಿತ್ತಿಲ ಬಾಗಿಲಿಂದ ಬಂದೆಯಂತೆ, ಕೈಯಲ್ಲಿ ಆಗತಾನೇ ಹೊಡೆದ ಹಕ್ಕಿ ಇತ್ತಂತೆ. ಎದುರಿಗೆ ಬಂದ ನಾನು ಅದರ ರಕ್ತ ನೋಡಿ ಮರದ ಹಾಗೆ ಉರುಳಿದೆನಂತೆ. ನೀನು ಬಂದೂಕನ್ನು ಅಪ್ಪನ ಕೈಗೆ ಕೊಟ್ಟವಳು ಮತ್ತೆ ಮುಟ್ಟಲಿಲ್ಲವಂತೆ. ನಾನು ಬಿದ್ದದ್ದು ನನಗೆ ನೆನಪಿದೆ. ಹಕ್ಕಿ ನೆನಪಿಲ್ಲ. ಎಚ್ಚರವಾದಾಗ ನೀನು ಗಾಳಿ ಹಾಕುತ್ತ, "ಬಿಸಿಲಿಗೆ ತಲೆ ಸುತ್ತಿದೆ, ನಿಮಗೆ ಬಿಸಿಲು ಆಗಲ್ಲ" ಎಂದೆ. ಅವತ್ತಿನಿಂದ ನಾನು ಬಿಸಿಲಿಗೆ ಟೋಪಿ ಹಾಕುತ್ತ ಬಂದಿದ್ದೇನಲ್ಲೇ! ಏಣಿಯ ಮೇಲೆ ನಿಂತು ಬೋರ್ಡು ಬರೆಯುವಾಗಲೂ ಟೋಪಿ, ಮೋಡ ಕವಿದಾಗಲೂ ಟೋಪಿ. ಪೇಟೆಯಲ್ಲಿ ಎಲ್ಲರಿಗೂ ನನಗೆ ಬಿಸಿಲು ಆಗದು ಎಂದು ಗೊತ್ತು. ಕೋಳಿ ಕೊಯ್ಯುವ ದಿನ ನೀನು ನನ್ನನ್ನು ಬಣ್ಣ ತರಲು ಕಳಿಸುತ್ತಿದ್ದದ್ದು ಈಗ ನೆನಪಾಗುತ್ತದೆ. ಮಗಳು ಮಂಡಿ ತರಚಿಕೊಂಡು ಬಂದಾಗಲೆಲ್ಲ ಅವಳನ್ನು ಎತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದದ್ದೂ. ನಾನು ಅದನ್ನು ನಿನ್ನ ಅವಸರದ ಸ್ವಭಾವ ಎಂದುಕೊಂಡಿದ್ದೆ.

ಇದನ್ನು ಬರೆಯುತ್ತ ಬರೆಯುತ್ತ ನನಗೆ ನಿನ್ನ ಮೇಲೆ ಕೋಪವೋ ಕೃತಜ್ಞತೆಯೋ ಎಂದು ತಿಳಿಯುತ್ತಿಲ್ಲ. ಒಂದು ಸಲ ಎದ್ದು ಕನ್ನಡಿಯಲ್ಲಿ ಮುಖವನ್ನೂ ನೋಡಿಕೊಂಡು ಬಂದೆ. ನಿನಗೆ ಅಷ್ಟು ಇಷ್ಟವಾದದ್ದನ್ನು ಬಿಟ್ಟೆ, ಸರಿ. ಬಿಟ್ಟದ್ದನ್ನು ಹೇಳಬಾರದಿತ್ತೇ? ಹೇಳಿದ್ದರೆ ನಾನು ಬಿಡಬೇಡ, ಹೋಗು ಎನ್ನುತ್ತಿದ್ದೆ. ಅಥವಾ ಎನ್ನುತ್ತಿರಲಿಲ್ಲವೋ ಏನೋ. ಅಂಥವಳು ಈಗ ಬೇರೆಯವರಿಗೆ ಬಂದು ಹೊಡೆಯಿರಿ ಎಂದು ಹೇಳುತ್ತೀಯಾ? ಜೇನಕ್ಕನ ದಾರಿಯನ್ನು ಮರೆಯುತ್ತೀಯಾ? ಇಲ್ಲ ಎನ್ನುತ್ತದೆ ಮನಸ್ಸು. ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಬೆಳೆದ ಆಲೂಗಡ್ಡೆಯನ್ನು ಹಂದಿ ಮಗುಚಿದ ಬೆಳಿಗ್ಗೆ ನೀನು ಹೊಲದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ನೆನಪಾದರೆ, ಯಾಕೆ ಹೇಳಿರಬಾರದು ಎಂದೂ ಅನ್ನಿಸುತ್ತದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದು ಮಾತನ್ನು ಈ ಹೆಂಗಸು ಆಡಿರುತ್ತಾಳೋ ಇಲ್ಲವೋ ಎಂದು ನಿನ್ನ ಗಂಡನಾದ ನನಗೆ ಹೇಳಲಾಗುತ್ತಿಲ್ಲ. ಗಡಿಯಾರದವನಿಗೆ ನಿನ್ನ ಗುರಿ ಗೊತ್ತು, ಜೇನಕ್ಕನಿಗೆ ನಿನ್ನ ಸ್ವಭಾವ ಗೊತ್ತು, ನನಗೆ ನಿನ್ನ ಕೈಗಡಿಯಾರದ ಪಟ್ಟಿ ಗೊತ್ತು.

ಭಾನುವಾರದಿಂದ ಎಷ್ಟೋ ಸಲ ಫೋನು ಎತ್ತಿ ಇಟ್ಟಿದ್ದೇನೆ. ನಿನ್ನಕ್ಕ ಪಕ್ಕದಲ್ಲಿರುವಾಗ ಇದನ್ನು ಹೇಗೆ ಕೇಳಲಿ, ನೀನಾದರೂ ಹೇಗೆ ಹೇಳುತ್ತೀಯ? ಆದ್ದರಿಂದ ಬರೆ. ಉದ್ದ ಬೇಡ. ಗಡಿಯಾರದವನಿಗೆ ಬಾ ಎಂದದ್ದು ಹೌದೋ ಅಲ್ಲವೋ, ಅಷ್ಟೇ. ಹೌದಾದರೆ ಹೌದು ಎನ್ನುತ್ತೇನೆ, ನಿನ್ನ ಜೊತೆ ಬಂದು ಕಟಕಟೆಯ ಪಕ್ಕದಲ್ಲಿ ನಿಲ್ಲುತ್ತೇನೆ. ಅಲ್ಲವಾದರೆ ಅಲ್ಲ ಎನ್ನುತ್ತೇನೆ, ನಿನ್ನನ್ನು ಅಕ್ಕ ಎನ್ನುವವನು ಒಳಗೆ ಹೋಗುತ್ತಾನೆ.

ನಿನ್ನಕ್ಕನಿಗೆ ನನ್ನ ನಮಸ್ಕಾರ ಹೇಳು, ಬೇಗ ಓಡಾಡುವ ಹಾಗಾಗಲಿ. ಮಗಳಿಗೆ ಬೇರೆ ಬರೆಯುತ್ತೇನೆ, ಅವಳಿಗೆ ಇದೆಲ್ಲ ಈಗಲೇ ಬೇಡ. ಹಸು ನಿನ್ನನ್ನು ನೆನೆಸಿಕೊಂಡು ಗೇಟಿನ ಕಡೆ ನೋಡುತ್ತದೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದರೆ ನೋಡುತ್ತದೆ. ಮಂಡಿ ಜೋಪಾನ. ದೇವರ ದಯೆಯಿಂದ ಬಂದದ್ದೆಲ್ಲ ಸರಿಯಾಗಿ, ನೀನು ಸುಖವಾಗಿ ಮನೆ ಸೇರು.

ನಿನ್ನ ಮನೆ ಅಳಿಯ

ತಾ.ಕ.: ಅಂಚೆ ಕಚೇರಿಯ ಕಿಟಕಿಯ ಹಲಗೆಯ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಸಾಲು ನಿಂತಿದೆ. ಅಂಟಿಸುವ ಮೊದಲು ಇದನ್ನು ಸೇರಿಸಲೇಬೇಕು. ಎದುರಿನ ಠಾಣೆಯ ಬಾಗಿಲಲ್ಲಿ ಸಾಹೇಬರು ನಿಂತಿದ್ದರು, ಕೈಯಲ್ಲಿದ್ದ ಲಕೋಟೆ ನೋಡಿ, "ಅವರ ಉತ್ತರ ಬಂದ್ಮೇಲೆ ಅವರನ್ನೂ ಇಲ್ಲಿಗೆ ಕರೆಸ್ಬೇಕಾಗುತ್ತೆ, ಹೇಳಿಡಿ" ಎಂದರು. ಇಲ್ಲಿಗೆ ಎಂದಾಗ ಒಳಗಿನ ಬೆಂಚು ಕಾಣಿಸಿತು, ಅದರ ಮೇಲೆ ಯಾರೋ ಒಬ್ಬ ಗೋಡೆಗೆ ತಲೆ ಒರಗಿಸಿ ಕೂತಿದ್ದ. ನನಗೇನಾಯಿತೋ, "ಕರೆಸೋದು ಬೇಡ ಸಾರ್, ಅಪ್ಪಣೆ ಕೊಟ್ಟಿದ್ದು ನಾನು. ಅವಳಿಗೆ ಏನೂ ಗೊತ್ತಿಲ್ಲ" ಎಂದುಬಿಟ್ಟೆ. ಮತ್ತೆ ಆ ಬೋರ್ಡು ಯಾಕೆ ಎಂದು ಕೇಳಿದರು. ಅದು ಬೇರೆಯವರಿಗೆ ಎಂದೆ. ನಂಬಿದರೋ ಬಿಟ್ಟರೋ, ಬರೆದುಕೊಂಡರು. ಊದಿದ ಕೈಯಲ್ಲೇ ಸಹಿ ಹಾಕಿದ್ದೇನೆ. ಕರೆದ ದಿನ ನಾನು ಹೋಗಿ ನಿಲ್ಲುತ್ತೇನೆ, ನೀನು ಅಕ್ಕನನ್ನು ಬಿಟ್ಟು ಓಡಿ ಬರಬೇಡ. ಆಡಿದ್ದು ಸುಳ್ಳೋ ಅಲ್ಲವೋ ಈಗಲೂ ಗೊತ್ತಿಲ್ಲ. ಇಲ್ಲಿಂದ ನೇರ ಆಸ್ಪತ್ರೆಗೆ, ಜೇನಕ್ಕನಿಗೆ ನಾನೇ ಹೇಳಬೇಕು. ಅವಳು ನನ್ನ ಮುಖ ನೋಡದಿದ್ದರೂ ನಡೆಯುತ್ತದೆ, ನಿನ್ನ ಮುಖ ನೋಡಲಿ. ಯಾರು ಕೇಳಿದರೂ ನಿನಗೆ ಗೊತ್ತಿಲ್ಲ, ನೆನಪಿರಲಿ. ಆದರೆ ಉತ್ತರ ಬರೆ. ಠಾಣೆಗೆ ಇನ್ನು ಅದು ಬೇಕಿಲ್ಲ, ನನಗೆ ಬೇಕು.